ಜೈಲಿಗೆ ಎರಡು ಸ್ಪೆಲಿಂಗ್, ಎರಡೂ ಸರಿ

ಮಾನ್ಯ ಸಂಪಾದಕರೇ,

ನನ್ನ ಮಗಳು ಎಂಟನೇ ತರಗತಿಯಲ್ಲಿ ಓದುತ್ತಿದ್ದಾಳೆ. ಹೋದ ತಿಂಗಳು ಇಂಗ್ಲಿಷ್ ಪ್ರಬಂಧದಲ್ಲಿ ಅವಳು ಐರ್ಲೆಂಡಿನ ಡಬ್ಲಿನ್ ನಗರದ ಕಿಲ್‌ಮೇನಮ್ ಸೆರೆಮನೆಯ ಬಗ್ಗೆ ಬರೆದಳು. ಅವಳ ಸೋದರಮಾವ ಅಲ್ಲಿದ್ದಾನೆ. 1796ರಲ್ಲಿ ತೆರೆದು 1924ರಲ್ಲಿ ಮುಚ್ಚಿದ ಆ ಸೆರೆಮನೆ ಈಗ ಮ್ಯೂಸಿಯಂ. ಬ್ರಿಟಿಷ್ ಆಳ್ವಿಕೆಯ ವಿರುದ್ಧ 1916ರಲ್ಲಿ ನಡೆದ ದಂಗೆಯ ನಂತರ ಬ್ರಿಟಿಷರು 14 ಮಂದಿಯನ್ನು ಗುಂಡಿಟ್ಟು ಕೊಂದದ್ದು ಅದರ ಅಂಗಳದಲ್ಲೇ. ಮಾವ ಕಳಿಸಿದ ಫೋಟೊದಲ್ಲಿ ಫಲಕದ ಮೇಲೆ ಹೇಗಿತ್ತೋ ಹಾಗೆಯೇ ಮಗಳು ಜೈಲ್ ಪದವನ್ನು ಜಿ, ಎ, ಒ, ಎಲ್ ಎಂದು ಬರೆದಳು. ಆ ಪದಕ್ಕೆ ಕೆಂಪು ಗೆರೆ ಬಿತ್ತು. ಪಕ್ಕದಲ್ಲಿ ಟೀಚರ್ ಜಿ, ಒ, ಎ, ಎಲ್ ಎಂದು ತಿದ್ದಿದ್ದರು. ಅಂದರೆ ಫುಟ್‌ಬಾಲಿನ ಗೋಲ್!

"ಅಮ್ಮಾ, ಫಲಕದಲ್ಲೇ ತಪ್ಪಾಗಿ ಬರೆದಿದ್ದಾರಾ?" ಎಂದು ಕೇಳಿದಳು.

ಮರುದಿನ ನಿಘಂಟು ಹಿಡಿದುಕೊಂಡು ಹೋಗಿ ತೋರಿಸಿದೆ. "ಪಠ್ಯದಲ್ಲಿ ಇಲ್ಲ" ಎಂಬ ಉತ್ತರ ಬಂತು. ರಾಶಿ ನೋಟ್‌ಬುಕ್ ತಿದ್ದುವಾಗ ಕಣ್ತಪ್ಪುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ನಿಘಂಟು ತೆರೆದು ತೋರಿಸಿದ ಮೇಲೂ ನೋಡಲು ಮನಸ್ಸು ಮಾಡದಿದ್ದದ್ದು ನೋವು ತಂದಿತು. ಆ ಪದದ ಕಥೆ ಬೇರೆ ಮಕ್ಕಳಿಗಾದರೂ ಗೊತ್ತಾಗಲಿ ಎಂದು ಈ ಪತ್ರ.

ಕಥೆ ಶುರುವಾಗುವುದು ಲ್ಯಾಟಿನ್ನಿನ 'ಕಾವೆಯ' ಎಂಬ ಪದದಿಂದ. ಹಾಗೆಂದರೆ ಪಂಜರ. ಇಂಗ್ಲಿಷಿನ 'ಕೇಜ್' ಬಂದದ್ದೂ ಇದರಿಂದಲೇ. ಚಿಕ್ಕ ಪಂಜರ ಎನ್ನುವ ಅರ್ಥದ ಅದರ ಇನ್ನೊಂದು ರೂಪ ಫ್ರಾನ್ಸಿಗೆ ಬಂದಾಗ ಎರಡು ದಾರಿ ಹಿಡಿಯಿತು. ಉತ್ತರದ ನಾರ್ಮಂಡಿ ಕಡೆಯವರು ಅದನ್ನು ಗಟ್ಟಿ ಗಕಾರದಿಂದ 'ಗಯೋಲ್' ಎಂದರು. ಪ್ಯಾರಿಸ್ ಕಡೆಯವರ ಬಾಯಲ್ಲಿ ಅದು 'ಜಯೋಲ್' ಆಯಿತು. ತೋಟ ಎನ್ನುವ ಪದದಲ್ಲೂ ಹೀಗೇ ಆಗಿದೆ ನೋಡಿ. ಇಂಗ್ಲಿಷಿನ 'ಗಾರ್ಡನ್' ನಾರ್ಮಂಡಿಯ ಗಕಾರವನ್ನು ಉಳಿಸಿಕೊಂಡಿದೆ, ಇವತ್ತಿನ ಫ್ರೆಂಚರು ಹೇಳುವುದು 'ಜಾರ್ದಾಂ' ಎಂದು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಮಾತೇ ಅಲ್ಲಿ ಕೋರ್ಟು ಕಚೇರಿಯ ಮಾತಾಯಿತು. ಹಾಗಾಗಿ ಕಡತಗಳಲ್ಲಿ ಗಕಾರದ ಸ್ಪೆಲಿಂಗ್ ಕೂತುಬಿಟ್ಟಿತು. ಆಮೇಲೆ ಪ್ಯಾರಿಸ್ಸಿನ ರೂಪವೂ ಇಂಗ್ಲಿಷಿಗೆ ಬಂತು, ಜನರ ಬಾಯಲ್ಲಿ ಅದೇ ಗೆದ್ದಿತು. ಆದರೆ ಕಡತ ಬರೆಯುವವರು ಹಳೆಯದನ್ನು ಬಿಡಲಿಲ್ಲ. ಉಚ್ಚಾರ ಪ್ಯಾರಿಸ್ಸಿನದು, ಬರವಣಿಗೆ ನಾರ್ಮಂಡಿಯದು. ಜಿ, ಎ, ಒ, ಎಲ್ ಎಂದು ಬರೆದು 'ಜೇಲ್' ಎಂದು ಓದುವುದು ಇದೇ ಕಾರಣಕ್ಕೆ.

ಅಕ್ಷರ ಹಿಂದೆ ಮುಂದೆ ಆಗಿ ಇದು 'ಗೋಲ್' ಆಗುವುದೂ ಹೊಸದೇನಲ್ಲ. ಇಂಗ್ಲೆಂಡಿನ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನಲ್ಲೇ ಈ ವಿಷಯ ಎತ್ತಿದ್ದಾರೆ. ಉಚ್ಚಾರ ಯಾವಾಗಲೂ ಜೇಲ್, ಹಾಗೆಯೇ ಬರೆಯುವವರೂ ಜಾಸ್ತಿ, ಕೆಲವರು ಗೋಲ್ ಎಂದೂ ಬರೆಯುತ್ತಾರೆ ಎಂಬ ಅರ್ಥದ ಮಾತು ಅಲ್ಲಿದೆ. ಅವರ ಒಲವು ಗಕಾರದ ಕಡೆಗೇ ಇತ್ತು. ಅಮೆರಿಕದ ನೋವಾ ವೆಬ್‌ಸ್ಟರ್ 1828ರ ನಿಘಂಟಿನಲ್ಲಿ ಇದಕ್ಕೆ ಉಲ್ಟಾ ಹೇಳಿದರು: ಈ ಗೊಂದಲವೇ ಬೇಡ, ಜೆ, ಎ, ಐ, ಎಲ್ ಒಂದೇ ಇರಲಿ. ಅಮೆರಿಕದಲ್ಲಿ ಉಳಿದದ್ದು ಅದೇ. ಈಗ ಬ್ರಿಟನ್ನಿನ ಪತ್ರಿಕೆಗಳೂ ಬಹುಪಾಲು ಹಾಗೆಯೇ ಬರೆಯುತ್ತವೆ. ನಮ್ಮ 1894ರ ಕಾರಾಗೃಹ ಕಾಯ್ದೆಯಲ್ಲೂ ಜೆ ಅಕ್ಷರದ ಜೈಲೇ ಇದೆ.

ಹಾಗಂತ ಹಳೆಯದು ಸತ್ತಿಲ್ಲ. ಆಸ್ಟ್ರೇಲಿಯಾದಲ್ಲಿ 1880ರಲ್ಲಿ ದರೋಡೆಕೋರ ನೆಡ್ ಕೆಲ್ಲಿಯನ್ನು ಗಲ್ಲಿಗೇರಿಸಿದ ಮೆಲ್ಬರ್ನಿನ ಹಳೇ ಸೆರೆಮನೆಯ ಹೆಸರಲ್ಲಿ ಅದು ಇವತ್ತಿಗೂ ಇದೆ. ಐರಿಷ್ ಲೇಖಕ ಆಸ್ಕರ್ ವೈಲ್ಡ್ 1895ರಿಂದ 1897ರವರೆಗೆ ಸೆರೆಯಲ್ಲಿದ್ದರು, ಹೆಚ್ಚು ಕಾಲ ಕಳೆದದ್ದು ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ. ಹೊರಬಂದ ಮೇಲೆ ಆ ಜೈಲಿನ ಬಗ್ಗೆ ಅವರು ಬರೆದ ದೀರ್ಘ ಕವನ 1898ರಲ್ಲಿ ಅಚ್ಚಾಯಿತು. ಮೊದಲು ಅದರ ಮೇಲೆ ಅವರ ಹೆಸರೂ ಇರಲಿಲ್ಲ. ಇದ್ದದ್ದು ಕೋಣೆಯ ನಂಬರ್ ಮಾತ್ರ: ಸಿ.3.3. ಆ ಕವನದ ಹೆಸರಿನಲ್ಲಿರುವುದೂ ಗಕಾರದ ಜೈಲೇ. ನನ್ನ ಮಗಳ ಪ್ರಬಂಧದಲ್ಲಿ ಕೆಂಪು ಗೆರೆ ಬಿದ್ದ ಅದೇ ನಾಲ್ಕು ಅಕ್ಷರ.

ನನಗೆ ತುಂಬಾ ಇಷ್ಟವಾದದ್ದು ಆ ಪಂಜರದ ಅರ್ಥ. ಪೋರ್ಚುಗೀಸಿನಲ್ಲಿ 'ಗಯೋಲ' ಎಂದರೆ ಇವತ್ತಿಗೂ ಹಕ್ಕಿಯ ಪಂಜರ. ಮತ್ತೆ ಮತ್ತೆ ಜೈಲು ಸೇರುವವನನ್ನು ಇಂಗ್ಲಿಷಿನಲ್ಲಿ 'ಜೈಲ್‌ಬರ್ಡ್' ಎನ್ನುತ್ತಾರೆ. ಸುಮ್ನೆ ಕಟ್ಟಿದ ಪದ ಅಂದುಕೊಂಡಿದ್ದೆ. ಮೂಲದಲ್ಲೇ ಪಂಜರ ಇದೆ ಎಂದು ಗೊತ್ತಾದ ಮೇಲೆ ಅದರಲ್ಲಿ ಹಕ್ಕಿ ಇರುವುದೂ ಸಹಜ ಅನ್ನಿಸಿತು. ನಾವೂ ಪಂಜರದ ಗಿಳಿ ಅಂತೀವಿ, ಅಲ್ವಾ?

ಕನ್ನಡದಲ್ಲೂ ಈ ಪದಕ್ಕೆ ಎರಡು ರೂಪ ಇವೆ. ಜೈಲು ಎಂದು ಬರೆಯುವವರು ಹೆಚ್ಚು, ಜೇಲು ಎಂದು ಬರೆಯುವವರೂ ಇದ್ದಾರೆ. ನಮ್ಮ ತಂದೆಯ ಬಾಯಲ್ಲಿ ಅದು ಯಾವಾಗಲೂ ಜೇಲು. ಯಾರೂ ಅದಕ್ಕೆ ಅಂಕ ಕಳೆದದ್ದನ್ನು ನಾನು ಕಂಡಿಲ್ಲ.

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಗ್ಲಿಷ್ ಪದಗಳಿಗೆ ಜಾಗ ಕೊಡುವಾಗ, ನಿಘಂಟು ಎರಡು ಸ್ಪೆಲಿಂಗ್ ಕೊಟ್ಟಿದ್ದರೆ ದಯವಿಟ್ಟು ಎರಡನ್ನೂ ಹಾಕಿ. ಎಲ್ಲಿಂದ ಬಂತು ಎಂದು ಒಂದು ಸಾಲು ಸೇರಿಸಿ. ಪತ್ರಿಕೆಯಲ್ಲಿ ಅಚ್ಚಾದರೆ ಮಕ್ಕಳು ಅದನ್ನು ಕತ್ತರಿಸಿಕೊಂಡು ಶಾಲೆಗೆ ಒಯ್ಯಬಹುದು. ನನ್ನ ಮಗಳಂತೂ ಕತ್ತರಿ ತೆಗೆದಿಟ್ಟುಕೊಂಡಿದ್ದಾಳೆ.

ಇಂತಿ,
ಓದುಗಳು, ಶಿವಮೊಗ್ಗ