ಬಾಣಂತಿಯ ನಲವತ್ತೆಂಟು ಗಂಟೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆಗಿದ್ದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯವೇ ಬೆಚ್ಚಿಬಿದ್ದಿತು. ಐವಿ ದ್ರಾವಣದ ಗುಣಮಟ್ಟ, ಔಷಧ ಖರೀದಿ, ಪ್ರಯೋಗಾಲಯದ ವರದಿ ಎಲ್ಲವೂ ಚರ್ಚೆಗೆ ಬಂದವು. ಬರಬೇಕಾದದ್ದೇ. ಆದರೆ ಆಸ್ಪತ್ರೆಯಿಂದ ಮನೆಗೆ ಹೋಗಿ, ಮೂರನೆಯ ದಿನವೋ ಐದನೆಯ ದಿನವೋ ಪ್ರಾಣ ಬಿಡುವ ಬಾಣಂತಿ ಸುದ್ದಿಯಾಗುವುದಿಲ್ಲ. ಆ ಸಾವುಗಳು ಬೇರೆ ಬೇರೆ ಊರುಗಳಲ್ಲಿ, ಒಂದೊಂದಾಗಿ ಆಗುತ್ತವೆ. ಮನೆಯವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡ್‌ಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದ ನಾನು ಅಂಥ ಹೆಣ್ಣುಮಕ್ಕಳ ಪರವಾಗಿ ತಮಗೆ ಬರೆಯುತ್ತಿದ್ದೇನೆ.

ಸಹಜ ಹೆರಿಗೆಯಾದ ತಾಯಿ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿರಬೇಕು ಎಂಬುದು ನಮ್ಮ ದೇಶದ ಮಾರ್ಗಸೂಚಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ 24 ಗಂಟೆ. ಆಮೇಲೆ ಎರಡು ಮೂರು ದಿನದೊಳಗೆ ಮತ್ತೊಮ್ಮೆ ನೋಡಬೇಕೆಂಬ ಸೂಚನೆಯೂ ಅದರ ಜೊತೆಗಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನದವರೆಗೆ ಉಚಿತ ಊಟವಿದೆ. ಮನೆಗೆ ಬಿಡುವ ವಾಹನವೂ ಉಚಿತ. ನಿಯಮಕ್ಕೆ ಕೊರತೆಯಿಲ್ಲ. ಆ ನಿಯಮವನ್ನು ತಾಯಿ ಪಾಲಿಸುವಂಥ ವಾರ್ಡ್ ಇದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಈ ಗಂಟೆಗಳಲ್ಲಿ ನಾವು ಮಾಡುವುದೇನು ಎಂದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಹೆರಿಗೆಯಾದ ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಬಾಣಂತಿಯ ಹೊಟ್ಟೆ ಮುಟ್ಟಿ ನೋಡಬೇಕು. ಹೊಕ್ಕುಳದ ಹತ್ತಿರ ಗರ್ಭಕೋಶ ಗಟ್ಟಿಯಾಗಿ ಕೈಗೆ ಸಿಗಬೇಕು. ಮೆತ್ತಗಿದ್ದರೆ ಅದು ಕುಗ್ಗುತ್ತಿಲ್ಲ, ರಕ್ತ ನಿಲ್ಲುತ್ತಿಲ್ಲ ಎಂದರ್ಥ. ಆಗ ಉಜ್ಜಿ ಗಟ್ಟಿ ಮಾಡಬೇಕು, ಮೂತ್ರ ಕಟ್ಟಿದೆಯೇ ನೋಡಬೇಕು, ಬಟ್ಟೆ ಎಷ್ಟು ನೆನೆದಿದೆ ಎಂದು ಎತ್ತಿ ನೋಡಬೇಕು, ವೈದ್ಯರನ್ನು ಕರೆಯಬೇಕು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ 24 ಗಂಟೆಯಲ್ಲೇ. ಕೂಸಿಗೆ ಮೊದಲ ದಿನವೇ ಹೆಪಟೈಟಿಸ್ ಬಿ ಲಸಿಕೆ ಬೀಳಬೇಕು, ಬಿಸಿಜಿ ಮತ್ತು ಪೋಲಿಯೊ ಹನಿ ಆಗಬೇಕು. ಅದು ಗಿಣ್ಣು ಹಾಲು ಕುಡಿಯಿತೇ, ಮೂತ್ರ ಮಾಡಿತೇ, ಕಣ್ಣು ಮೈ ಹಳದಿಯಾಗುತ್ತಿದೆಯೇ ಎಂದು ನೋಡುತ್ತಿರಬೇಕು. ಚೊಚ್ಚಲ ತಾಯಿಗೆ ಮೊಲೆಗೆ ಕೂಸು ಹಿಡಿಸುವುದನ್ನು ಕೂತು ಕಲಿಸಬೇಕು. ಒಂದು ಸಲ ಹೇಳಿದರೆ ಅದು ಬರುವುದಿಲ್ಲ; ಪ್ರತಿ ಹಾಲೂಡಿಕೆಗೂ ಯಾರಾದರೂ ಪಕ್ಕದಲ್ಲಿರಬೇಕಾಗುತ್ತದೆ.

ಇಷ್ಟೆಲ್ಲ ಇದ್ದೂ ಎಷ್ಟೋ ತಾಯಂದಿರು ಒಂದು ರಾತ್ರಿ ಕಳೆಯುವಷ್ಟರಲ್ಲಿ ಹೊರಟುಬಿಡುತ್ತಾರೆ. ಅತ್ತೆ ಚೀಲ ಕಟ್ಟಿ ನಿಂತಿರುತ್ತಾರೆ, ಗಂಡ ಗೇಟಿನ ಬಳಿ ಆಟೋ ನಿಲ್ಲಿಸಿರುತ್ತಾನೆ. ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇವೆ ಎಂದು ಕೇಸ್ ಶೀಟ್‌ನಲ್ಲಿ ಬರೆಸಿಕೊಂಡು ಸಹಿಯೋ ಹೆಬ್ಬೆಟ್ಟೋ ಹಾಕಿಸಿದರೆ ಆಸ್ಪತ್ರೆಯ ಹೊಣೆ ಮುಗಿಯಿತು. ಜನರಿಗೆ ತಿಳಿವಳಿಕೆ ಇಲ್ಲ ಎಂದು ಸಭೆಗಳಲ್ಲಿ ಅಧಿಕಾರಿಗಳು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಮಂಚದ ಮೇಲೆ ತಲೆ ಕಾಲು ಬದಲಿಸಿ ಮಲಗಿದ ಇಬ್ಬರು ಬಾಣಂತಿಯರನ್ನು, ಅವರ ನಡುವೆ ಎರಡು ಕೂಸುಗಳನ್ನು ನಾನು ನೋಡಿದ್ದೇನೆ. ಹೊಲಿಗೆ ಹಾಕಿಸಿಕೊಂಡವಳು ಗೋಡೆ ಹಿಡಿದುಕೊಂಡು ನೀರಿಲ್ಲದ ಶೌಚಾಲಯಕ್ಕೆ ಹೋಗಿ, ಕುಕ್ಕರಗಾಲಲ್ಲಿ ಕೂರಲಾರದೆ ಅಳುತ್ತ ವಾಪಸ್ ಬರುವುದನ್ನು ನೋಡಿದ್ದೇನೆ. ಬಾಣಂತಿಗೆ ಬಿಸಿನೀರು ಬೇಕೇ ಬೇಕು ಎಂದು ನಂಬಿದ ಮನೆಯವರು ಹೊರಗಿನ ಹೋಟೆಲಿನಿಂದ ದುಡ್ಡು ಕೊಟ್ಟು ಬಿಸಿನೀರು ತರುತ್ತಾರೆ. ಜೊತೆಗೆ ಬಂದ ತಾಯಿಗೆ ಮಲಗಲು ಮಂಚದ ಕೆಳಗಿನ ನೆಲವೇ ಗತಿ. ಮನೆಯಲ್ಲಿ ಮೂರು ವರ್ಷದ ಮೊದಲ ಮಗುವಿದೆ, ದನಕರುಗಳಿವೆ, ದಿನಗೂಲಿ ತಪ್ಪುತ್ತಿದೆ. ಕೂಸನ್ನು ಕೈಗೆ ಕೊಡಲೂ ಖುಷಿಯ ಕಾಣಿಕೆ ಕೇಳುವ ಕೆಟ್ಟ ಚಾಳಿ ಇನ್ನೂ ಅಳಿದಿಲ್ಲ. ಇಂಥ ಕಡೆ ಎರಡು ದಿನ ಇರಿ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಬೆಡ್ ಖಾಲಿ ಮಾಡಿಸುವ ಒತ್ತಡ ನಮ್ಮ ಕಡೆಯಿಂದಲೂ ಇರುತ್ತದೆ, ಅದನ್ನು ಮುಚ್ಚಿಡಬಾರದು. ಹೆರಿಗೆ ನೋವು ತಿನ್ನುತ್ತಿರುವವಳು ಬೆಂಚಿನ ಮೇಲೆ ಕೂತಿರುವಾಗ ಚೆನ್ನಾಗಿ ಕಾಣುವ ಬಾಣಂತಿಯನ್ನು ಬೇಗ ಕಳುಹಿಸುವುದೇ ಆ ಹೊತ್ತಿನ ನ್ಯಾಯವೆನಿಸುತ್ತದೆ. ರಾತ್ರಿ ಪಾಳಿಯಲ್ಲಿ ಹೆರಿಗೆ ಕೋಣೆಗೂ ವಾರ್ಡಿಗೂ ಒಬ್ಬಳೇ ಸಿಸ್ಟರ್ ಓಡಾಡುತ್ತಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಹೊಟ್ಟೆ ಮುಟ್ಟಿ ನೋಡುವವರು ಯಾರು? ಇದು ಸಿಬ್ಬಂದಿ ನೇಮಕದ ಪ್ರಶ್ನೆ. ಹಣಕಾಸು ಇಲಾಖೆಯ ಮುಂದೆ ತಾವೇ ಪಟ್ಟು ಹಿಡಿಯಬೇಕಾದ ಪ್ರಶ್ನೆ.

ಇಷ್ಟಾಗಿಯೂ ಆಸ್ಪತ್ರೆಯಲ್ಲಿ ಇರುವ ದಿನಗಳನ್ನು ಹೆಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಕಿಕ್ಕಿರಿದ ವಾರ್ಡಿನಲ್ಲಿ ಹೆಚ್ಚು ದಿನ ಇದ್ದರೆ ಸೋಂಕಿನ ಭಯ ಬೇರೆ. ನನ್ನನ್ನು ಕಾಡುವುದು ಮನೆಗೆ ಹೋದ ಮೇಲಿನ ವಾರ.

ನನ್ನ ಸೇವೆಯ ದಿನಗಳಲ್ಲಿ ಚೊಚ್ಚಲ ಬಾಣಂತಿಯೊಬ್ಬಳನ್ನು ನಾಲ್ಕನೆಯ ದಿನ ಫಿಟ್ಸ್ ಬಂದ ಸ್ಥಿತಿಯಲ್ಲಿ ಜೀಪಿನಲ್ಲಿ ಹೊತ್ತು ತಂದರು. ಹಿಂದಿನ ದಿನದಿಂದ ತಲೆನೋವು ಎನ್ನುತ್ತಿದ್ದಳಂತೆ, ಕಣ್ಣು ಮಂಜಾಗಿದೆ ಎಂದೂ ಹೇಳಿದ್ದಳಂತೆ. ಶೀತವಾಗಿದೆ, ಗಾಳಿ ಸೋಕಿದೆ ಎಂದು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಕತ್ತಲ ಕೋಣೆಯಲ್ಲಿ ಮಲಗಿಸಿದ್ದರು. ಮನೆಯವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಹೊತ್ತು ಹೊತ್ತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ ಎಲ್ಲವೂ ನಡೆದಿತ್ತು. ಬಿಪಿ ಏರಿದೆ ಎಂದು ಹೇಳಬಲ್ಲವರು ಮಾತ್ರ ಆ ಮನೆಗೆ ಬಂದಿರಲಿಲ್ಲ. ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಅವಳು ಉಳಿದಳು. ಎಲ್ಲರೂ ಉಳಿಯುವುದಿಲ್ಲ.

ಹೆರಿಗೆಯ ನಂತರ ರಕ್ತದೊತ್ತಡ ಮೊದಲು ಇಳಿದಂತೆ ಕಂಡು, ಮೂರರಿಂದ ಆರನೆಯ ದಿನದೊಳಗೆ ಮತ್ತೆ ಏರುವುದುಂಟು ಎಂದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು. ಬಾಣಂತಿ ನಂಜು, ಸಿಸೇರಿಯನ್ ಹೊಲಿಗೆಯ ಕೀವು ತಲೆಯೆತ್ತುವುದೂ ಹೆಚ್ಚಾಗಿ ಮನೆಗೆ ಹೋದ ಮೇಲೆಯೇ. ಕೂಸಿನ ಕಾಮಾಲೆ ಏರುವುದು ಮೂರರಿಂದ ಐದನೆಯ ದಿನದ ಆಸುಪಾಸಿನಲ್ಲಿ. ಅಂದರೆ 48 ಗಂಟೆಯನ್ನು ಪೂರ್ತಿ ಪಾಲಿಸಿದರೂ ಅಪಾಯದ ಒಂದು ದೊಡ್ಡ ಪಾಲು ಡಿಸ್ಚಾರ್ಜ್ ಕಾರ್ಡಿನ ಆಚೆಗಿದೆ.

ಆ ದಿನಗಳಿಗಾಗಿ ಆಶಾ ಕಾರ್ಯಕರ್ತೆಯರಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕು. ಈ ಆರು ಭೇಟಿಗೆ ಸೇರಿ ಅವರಿಗೆ ನಿಗದಿಯಾಗಿದ್ದು 250 ರೂಪಾಯಿ ಪ್ರೋತ್ಸಾಹಧನ. ಅವರ ಚೀಲದಲ್ಲಿ ಕೂಸನ್ನು ತೂಗುವ ತಕ್ಕಡಿ, ಥರ್ಮಾಮೀಟರ್, ಗಡಿಯಾರ ಇರುತ್ತವೆ. ತಾಯಿಯ ಬಿಪಿ ನೋಡುವ ಉಪಕರಣ ಆ ಪಟ್ಟಿಯಲ್ಲಿಲ್ಲ. ಗರ್ಭಿಣಿಯಾಗಿದ್ದಾಗ ಪ್ರತಿ ತಪಾಸಣೆಯಲ್ಲೂ ತಾಯಿ ಕಾರ್ಡಿನಲ್ಲಿ ಬರೆದ ಆ ಸಂಖ್ಯೆಯನ್ನು, ಅದು ಅತಿ ಅಪಾಯಕಾರಿಯಾಗಬಲ್ಲ ವಾರದಲ್ಲಿ ಯಾರೂ ನೋಡುವುದಿಲ್ಲ.

ಇನ್ನೊಂದು ತೊಡಕು ನಮ್ಮ ನಾಡಿನದೇ. ಬಾಣಂತನ ತವರಿನಲ್ಲಿ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹುಡುಗಿಯ ತಾಯಿ ಕಾರ್ಡ್ ಪೀಣ್ಯದ ಕಡೆ ಆಗಿರುತ್ತದೆ, ಹೆರಿಗೆ ಮಂಡ್ಯ ಜಿಲ್ಲೆಯ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ, ಬಾಣಂತನ ಅಲ್ಲಿಂದ ದೂರದ ತವರೂರಿನಲ್ಲಿ. ಕಾರ್ಡ್ ಮಾಡಿದ ಆಶಾಗೆ ಅವಳು ಎಲ್ಲಿದ್ದಾಳೆಂದು ತಿಳಿಯದು. ತವರೂರಿನ ಆಶಾಗೆ ಅವಳು ಬಂದಿರುವ ಸುದ್ದಿಯೇ ಇಲ್ಲ. ಮೂರನೆಯ ದಿನದ ಭೇಟಿ ಎರಡು ಊರುಗಳ ನಡುವೆ ಕಳೆದುಹೋಗುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಹೆಮ್ಮೆಪಡಬೇಕಾದ ಸಂಗತಿ, ಅದರಲ್ಲಿ ನನ್ನಂಥ ಸಾವಿರಾರು ಜನರ ರಾತ್ರಿಗಳಿವೆ. ಆದರೂ 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ 69 ತಾಯಂದಿರು ಸತ್ತಿದ್ದಾರೆ. ಅದೇ ಅವಧಿಯಲ್ಲಿ ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆಯಲ್ಲಿದ್ದೆವು. ಹೆರಿಗೆಗೆ ಆಸ್ಪತ್ರೆಗೆ ಬರುವಂತೆ ಮಾಡಿದೆವು. ಬಂದವಳನ್ನು ಎಷ್ಟು ಹೊತ್ತು, ಹೇಗೆ ನೋಡಿಕೊಂಡೆವು ಎಂಬ ಲೆಕ್ಕಕ್ಕೆ ಅಷ್ಟೇ ಕಾಳಜಿ ಸಿಗಲಿಲ್ಲ.

ಹೊಸ ಯೋಜನೆಯಾಗಲಿ ಹೊಸ ಹೆಸರಾಗಲಿ ಬೇಡ. ಪ್ರತಿ ಹೆರಿಗೆ ವಾರ್ಡಿಗೂ ದಿನವಿಡೀ ಬಿಸಿನೀರು, ಕೂರಲು ಆಗುವಂಥ ಒಂದೆರಡು ಶೌಚಾಲಯ, ಜೊತೆಗೆ ಬಂದ ಹೆಂಗಸಿಗೆ ಮಲಗಲು ಒಂದು ಜಾಗ ಮತ್ತು ಊಟ ಕೊಡಿಸಿ. ಎರಡು ದಿನ ಇರುವವರ ಸಂಖ್ಯೆ ತಾನಾಗಿ ಏರುತ್ತದೆ ಎಂದು ಅನುಭವದಿಂದ ಹೇಳುತ್ತೇನೆ. ಡಿಸ್ಚಾರ್ಜ್ ಬರೆಯುವಾಗ ಅವಳು ಯಾವ ಊರಿಗೆ ಹೋಗುತ್ತಾಳೆಂದು ಕೇಳಿ, ಆ ಊರಿನ ಆಶಾಗೆ ಅಂದೇ ಮೊಬೈಲ್ ಕರೆ ಹೋಗುವ ವ್ಯವಸ್ಥೆಯಾಗಲಿ. ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನದ ಚಾಲಕನಿಗೆ ಅವಳನ್ನು ಎಲ್ಲಿ ಇಳಿಸಿದೆನೆಂದು ಗೊತ್ತಿರುತ್ತದೆ. ಅಷ್ಟು ಮಾಹಿತಿ ಆರೋಗ್ಯ ಕೇಂದ್ರಕ್ಕೂ ತಲುಪಲಿ. ಮೂರರಿಂದ ಆರನೆಯ ದಿನದೊಳಗೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯೋ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯೋ ಬಿಪಿ ಉಪಕರಣ ಹಿಡಿದು ಒಮ್ಮೆ ಆ ಮನೆಗೆ ಹೋಗುವುದು ಕಡ್ಡಾಯವಾಗಲಿ. ಅವರು ಬಾಣಂತಿಯ ಹೊಟ್ಟೆ, ಹೊಲಿಗೆ, ಬಿಪಿ ಮೂರನ್ನೂ ನೋಡಲಿ. ಆಶಾ ಕಾರ್ಯಕರ್ತೆಯ ಮೇಲೆ ಇನ್ನೊಂದು ಹೊರೆ ಹೊರಿಸುವುದಾದರೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಿ.

ಖಾಸಗಿ ನರ್ಸಿಂಗ್ ಹೋಂಗಳಲ್ಲಿ ಹೆರಿಗೆಯಾದವರನ್ನೂ ಈ ಭೇಟಿಯಿಂದ ಬಿಡಬೇಡಿ. ಬಿಲ್ ಏರುತ್ತದೆಂಬ ಭಯಕ್ಕೆ ಅಲ್ಲಿಂದಲೂ ಬೇಗ ಮನೆ ಸೇರುವವರಿದ್ದಾರೆ.

ತಿಂಗಳ ಜಿಲ್ಲಾ ಪರಿಶೀಲನಾ ಸಭೆಗಳಲ್ಲಿ ಎಷ್ಟು ಹೆರಿಗೆಯಾದವು ಎಂದು ಕೇಳಲಾಗುತ್ತದೆ. ಮುಂದಿನ ಸಭೆಯಿಂದ ಇನ್ನೆರಡು ಕಾಲಂ ಸೇರಿಸಿರಿ: ಹೆರಿಗೆಯಾದ ಹೊತ್ತಿನಿಂದ ಬಿಡುಗಡೆಯಾದ ಹೊತ್ತಿಗೆ ಎಷ್ಟು ಗಂಟೆ, ಮತ್ತು ಮನೆಗೆ ಹೋದ ವಾರದಲ್ಲಿ ಎಷ್ಟು ತಾಯಂದಿರ ಬಿಪಿ ನೋಡಲಾಯಿತು. ತಾಲ್ಲೂಕುವಾರು ಅಂಕಿಗಳನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿಸಿರಿ. ಈ ಪತ್ರಕ್ಕೆ ತಾವು ಕೊಡುವ ಉತ್ತರವೂ ಸಾರ್ವಜನಿಕವಾಗಿಯೇ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ