ಗಸ್ಟ್ ಲಾಕ್ ಬಗ್ಗೆ ಬಿಡಿಸಿ ಹೇಳಿದ ಆ ಮೆಕ್ಯಾನಿಕ್ ಅವರಿಗೆ

ಹೆಸರು ಹಾಕದೆ ಇಷ್ಟು ವಿವರವಾಗಿ ಉತ್ತರ ಬರೆದುಕೊಟ್ಟಿದ್ದಕ್ಕೆ ನಮ್ಮೆಲ್ಲರ ಧನ್ಯವಾದ, ಸರ್.

ನಮ್ಮ ಪ್ರಶ್ನೆ ಇದ್ದದ್ದು 2014ರ ಮೇ 31ರ ರಾತ್ರಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ರನ್‌ವೇ ದಾಟಿ ಹೋದ ಗಲ್ಫ್‌ಸ್ಟ್ರೀಮ್ ಬಿಸಿನೆಸ್ ಜೆಟ್ ಯಾಕೆ ಮೇಲೇಳಲಿಲ್ಲ ಎಂಬುದರ ಬಗ್ಗೆ. ಅದರಲ್ಲಿದ್ದ ಏಳೂ ಜನ ಸತ್ತರು. 'ಪೈಲಟ್ ತಪ್ಪು' ಅಂತ ಎರಡೇ ಪದದಲ್ಲಿ ಕೈತೊಳೆದುಕೊಳ್ಳುವವರ ನಡುವೆ ನೀವು ಯಂತ್ರದೊಳಕ್ಕೇ ಕರೆದೊಯ್ದಿರಿ.

ನಿಂತ ವಿಮಾನದ ಎಲಿವೇಟರ್ (ಮೂಗು ಏರಿಳಿಸುವ ಫಲಕ), ಏಲರಾನ್ (ಪಕ್ಕಕ್ಕೆ ವಾಲಿಸುವ ಫಲಕ), ರಡ್ಡರ್ (ಮೂಗನ್ನು ಎಡ-ಬಲ ತಿರುಗಿಸುವ ಫಲಕ) ಗಾಳಿಗೆ ಬಡಿದಾಡದಂತೆ ಹಿಡಿದಿಡುವುದೇ ಗಸ್ಟ್ ಲಾಕ್. ಎಂಜಿನ್ ಶುರುಮಾಡುವ ಮುನ್ನವೇ ಅದನ್ನು ಬಿಡಿಸಬೇಕು. ಹೈಡ್ರಾಲಿಕ್ ಒತ್ತಡ (ಈ ಫಲಕಗಳನ್ನು ಸರಿಸುವ ಎಣ್ಣೆಯ ಒತ್ತಡ) ಏರಿದ ಮೇಲೆ ಲಾಕಿನ ಕೊಕ್ಕೆ ಬಿಗಿದುಕೊಳ್ಳಬಹುದು, ಆಗ ಹಿಡಿಕೆ ಎಳೆದಾಡಿ ಫಲವಿಲ್ಲ. ಎಂಜಿನ್ ಆಫ್ ಮಾಡಿ ಒತ್ತಡ ಇಳಿಸಿಯೇ ಬಿಡಿಸಬೇಕು. ಲಾಕ್ ಇದ್ದಾಗ ಥ್ರಾಟಲ್ (ಎಂಜಿನ್ ಶಕ್ತಿ ಏರಿಸುವ ಸನ್ನೆ) 6 ಡಿಗ್ರಿಗಿಂತ ಮುಂದೆ ಹೋಗಬಾರದು ಎಂಬುದು ವಿನ್ಯಾಸದ ನಿಯಮ. ತನಿಖೆಯಲ್ಲಿ ಅದು ಮೂರ್ನಾಲ್ಕು ಪಟ್ಟು ಸರಿದದ್ದು ಕಂಡಿತು. ಆ ರಾತ್ರಿ ಲಾಕ್ ಬಿಡಿಸಿರಲಿಲ್ಲ; ಆದರೂ ಥ್ರಾಟಲ್ ಸರಿದದ್ದರಿಂದ ವಿಮಾನ ಓಡಿತು, ಮೂಗು ಮಾತ್ರ ಏಳಲಿಲ್ಲ. ಓಡುತ್ತಿರುವಾಗ ಪೈಲಟ್‌ಗಳು ಲಾಕ್ ಜೊತೆ ಗುದ್ದಾಡಿದ ಸೆಕೆಂಡುಗಳು ಬ್ರೇಕಿಗೆ ಸಿಗಬೇಕಿದ್ದವು.

ನೀವು ಒತ್ತಿ ಹೇಳಿದ್ದು ಕಂಟ್ರೋಲ್ ಚೆಕ್, ಅಂದರೆ ಹಾರುವ ಮುನ್ನ ಈ ಫಲಕಗಳು ಸಲೀಸಾಗಿ ಆಡುತ್ತವೆಯೇ ಎಂಬ ಪರೀಕ್ಷೆ: ಯೋಕ್ (ಪೈಲಟ್ ಕೈಯ ಚುಕ್ಕಾಣಿ) ಪೂರ್ತಿ ಹಿಂದೆ-ಮುಂದೆ, ಎಡ-ಬಲ, ಆಮೇಲೆ ಪೆಡಲ್. ಅದನ್ನು ಮಾಡಿದ್ದರೆ ಲಾಕ್ ಬಿಡಿಸಿಲ್ಲ ಎಂಬುದು ಅಲ್ಲೇ ಸಿಕ್ಕಿಬೀಳುತ್ತಿತ್ತು. ಅದೇ ವಿಮಾನದ ಹಿಂದಿನ 175 ಟೇಕಾಫ್‌ಗಳಲ್ಲಿ ಪೂರ್ತಿ ಚೆಕ್ ಆಗಿದ್ದು ಎರಡೇ ಸಲವಂತೆ! ಓದಿ ದಂಗಾದೆವು.

ಥ್ರಸ್ಟ್ ರಿವರ್ಸರ್ (ವೇಗ ತಗ್ಗಿಸಲು ಎಂಜಿನ್ನಿನ ಒತ್ತನ್ನು ಮುಂದಕ್ಕೆ ತಿರುಗಿಸುವ ಸಾಧನ) ಬಗ್ಗೆಯೂ ಬಿಡುವಾದಾಗ ಹೀಗೇ ಬರೆಯಿರಿ.