ಕ್ಯಾಂಪಿನ ಮಕ್ಕಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಗ್ರೂಪಿನಲ್ಲಿ ಯಾರೋ ಸಿಂಧನೂರು ಆರ್.ಎಚ್. ಕ್ಯಾಂಪಿನ (ನಿರಾಶ್ರಿತರ ಪುನರ್ವಸತಿ ಕ್ಯಾಂಪ್) ಹುಡುಗರನ್ನು ಹೊರಗಿನವರು ಅಂತ ಬರೆದಿದ್ದಿರಿ, ಅದು ನನಗೆ ಸರಿ ಅನಿಸಲಿಲ್ಲ. ಅವರ ಅಜ್ಜ ಅಜ್ಜಿ ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶ ಬಿಟ್ಟು ಬಂದವರು, ಖರೇ. ಆದರೆ ಸರ್ಕಾರವೇ ಅವರಿಗೆ ಇಲ್ಲಿ ನೆಲೆ ಕೊಟ್ಟಿದ್ದು, ಮೊಮ್ಮಕ್ಕಳು ಹುಟ್ಟಿದ್ದೂ ಇಲ್ಲೇ. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಗದ್ದೆ ಕೆಲಸಕ್ಕೆ ಹೋದರೆ ತೆಲುಗು. ನಮ್ಮ ಮಕ್ಕಳಿಗೆ ಇಷ್ಟು ಬರುತ್ತಾ, ಹೇಳ್ರಿ? ತೆಲುಗು ಯಾಕೆ ಅಂದರೆ, ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದ ರೈತರೂ ಇಲ್ಲಿಗೆ ಬಂದು ಕ್ಯಾಂಪ್ ಕಟ್ಟಿಕೊಂಡರಲ್ವಾ, ಅವರನ್ನು ಈಗ ಯಾರೂ ಹೊರಗಿನವರು ಅನ್ನಲ್ಲ. ಕಷ್ಟ ಜಾಸ್ತಿ ಇರುವುದು ಹಿರಿಯರಿಗೆ: ಮಾತು ಬಂದರೂ ಪೌರತ್ವದ ಕಾಗದ ಇಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ, 2014ರ ಡಿಸೆಂಬರ್ 31ರೊಳಗೆ ಬಂದ ಇವರಂಥ ಹಿಂದೂ ನಿರಾಶ್ರಿತರು ಅರ್ಜಿ ಹಾಕಬಹುದು, ಆದರೆ ಅದು ಆನ್‌ಲೈನ್. ಫಾರ್ಮ್ ತುಂಬಿಕೊಡಲು ಗೊತ್ತಿರುವವರು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತಗೊಂಡು ಬಸ್ ಸ್ಟ್ಯಾಂಡ್ ಹತ್ತಿರ ಬನ್ನಿ, ಅಲ್ಲಿಂದ ಕ್ಯಾಂಪಿಗೆ ಒಟ್ಟಿಗೆ ಹೋಗೋಣ. ಸುಮ್ನೆ ಥಂಬ್ಸ್ ಅಪ್ ಇಮೋಜಿ ಹಾಕಬೇಡಿ, ಬರುವವರು ಹೆಸರು ಬರೆಯಿರಿ.